ಕಕಾಡು ಟೂರ್ ಬುಕ್ ಮಾಡುವ ಮುಂಚೆ ತಿಂಗಳು ನೋಡಿ

ಉತ್ತರ ಆಸ್ಟ್ರೇಲಿಯಾದ ಡಾರ್ವಿನ್ ನಗರದ ಯಾವುದೇ ಬ್ಯಾಕ್‌ಪ್ಯಾಕರ್ ಹಾಸ್ಟೆಲ್‌ಗೆ ಹೋದರೂ ಕಕಾಡು ನ್ಯಾಷನಲ್ ಪಾರ್ಕ್ ಟೂರ್‌ಗಳ ಪಾಂಪ್ಲೆಟ್ ಕಣ್ಣಿಗೆ ಬೀಳುತ್ತದೆ. ಒಂದು ದಿನದ್ದು ಇರುತ್ತದೆ, ಮೂರು ದಿನದ್ದು ಇರುತ್ತದೆ, ಇನ್ನೂ ಉದ್ದದ್ದೂ ಇರುತ್ತದೆ. ಎಲ್ಲದರ ಮೇಲೂ ಅದೇ ಜಲಪಾತ, ಅದೇ ಬಾಯಿ ತೆರೆದ ಮೊಸಳೆ. ಹೆಚ್ಚಿನವರು ದರ ನೋಡಿ ಒಂದನ್ನು ಆರಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ತಿಂಗಳು. ಆಮೇಲೆ ಗಾಡಿ. ದರದ ಮಾತು ಕೊನೆಗೆ.

ಯಾಕೆ ಅಂದರೆ ಈ ನ್ಯಾಷನಲ್ ಪಾರ್ಕ್ ಸುಮಾರು 20,000 ಚದರ ಕಿಲೋಮೀಟರ್ ಇದೆ, ಆಸ್ಟ್ರೇಲಿಯಾದ ಉತ್ತರ ತುದಿಯ ಉಷ್ಣವಲಯದಲ್ಲಿದೆ, ಮಳೆಗಾಲದಲ್ಲಿ ಅದರ ತಗ್ಗು ಬಯಲೆಲ್ಲ ನೀರಿನಡಿ ಹೋಗುತ್ತದೆ. ರಸ್ತೆ ಮುಳುಗಿದರೆ ಗೈಡ್ ಎಷ್ಟೇ ಪಳಗಿದವನಾದರೂ ನಿಮ್ಮನ್ನು ಜಲಪಾತದ ಬುಡಕ್ಕೆ ಕರೆದುಕೊಂಡು ಹೋಗಲಾರ.

ಯಾವ ತಿಂಗಳಲ್ಲಿ ಏನು ಸಿಗುತ್ತದೆ

ಹೊರಗಿನವರಿಗೆ ಇಲ್ಲಿ ಎರಡೇ ಕಾಲ, ಮಳೆಗಾಲ ಮತ್ತು ಒಣ ಕಾಲ. ಅಲ್ಲಿಯ ಮೂಲ ಜನರಾದ ಬಿನಿಂಜ್ ಮತ್ತು ಮುಂಗುಯ್ ಜನರ ಲೆಕ್ಕದಲ್ಲಿ ಆರು. ಟೂರ್ ಯೋಜನೆಗೆ ಆರರ ಲೆಕ್ಕವೇ ಉಪಯೋಗಕ್ಕೆ ಬರುತ್ತದೆ.

ಜನವರಿಯಿಂದ ಮಾರ್ಚ್‌ವರೆಗೆ ಜೋರು ಮಳೆ. ಆಗ ಜಿಮ್ ಜಿಮ್ ಜಲಪಾತ ತುಂಬಿ ಬೀಳುತ್ತದೆ. ಆದರೆ ಅದನ್ನು ನೋಡುವುದಕ್ಕೆ ಸಣ್ಣ ವಿಮಾನ ಹತ್ತಬೇಕು, ನೆಲದ ದಾರಿ ಮುಚ್ಚಿರುತ್ತದೆ. ಏಪ್ರಿಲ್‌ನಲ್ಲಿ ಮಳೆ ಹಿಂದೆ ಸರಿಯುತ್ತದೆ, ನೀರು ಇಳಿಯುವುದಕ್ಕೆ ಇನ್ನೂ ಸಮಯ ಬೇಕು. ಮೇ, ಜೂನ್ ಹೊತ್ತಿಗೆ ಒಂದೊಂದೇ ರಸ್ತೆ ತೆರೆಯುತ್ತದೆ. ಆಗ ದಾರಿ ಪಕ್ಕ ಹುಲ್ಲು ಸುಟ್ಟಿರುವುದು, ಅಲ್ಲಲ್ಲಿ ಹೊಗೆ ಏಳುತ್ತಿರುವುದು ಕಂಡರೆ ಗಾಬರಿ ಬೇಡ. ಹಸಿ ಇನ್ನೂ ಇರುವಾಗಲೇ ಸಣ್ಣ ಬೆಂಕಿ ಹಾಕಿ, ಮುಂದೆ ಬೀಳಬಹುದಾದ ದೊಡ್ಡ ಕಾಳ್ಗಿಚ್ಚು ತಪ್ಪಿಸುವುದು ಅಲ್ಲಿಯ ಹಳೇ ಪದ್ಧತಿ. ಹೊಗೆಯ ಅಂಚಿನಲ್ಲಿ ಹದ್ದುಗಳು ಸುತ್ತುತ್ತಿರುತ್ತವೆ, ಓಡಿ ಬರುವ ಹುಳಹುಪ್ಪಟೆ, ಹಲ್ಲಿಗಳಿಗೆ ಕಾಯುತ್ತಾ.

ಜೂನ್ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಹವೆ ಹಿತ. ಹಗಲು 32 ಡಿಗ್ರಿ ಆಸುಪಾಸು, ರಾತ್ರಿ 17ಕ್ಕೆ ಇಳಿಯುತ್ತದೆ. ಜನ ಜಾಸ್ತಿ, ದರವೂ ಜಾಸ್ತಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜಲಪಾತಗಳು ಬತ್ತುತ್ತಾ ಬರುತ್ತವೆ, ಜಿಮ್ ಜಿಮ್ ಬರೀ ಬಂಡೆಗೋಡೆ ಆಗಿರುವುದೂ ಉಂಟು. ಆದರೆ ಉಳಿದ ಸ್ವಲ್ಪ ನೀರಿನ ಸುತ್ತ ಹಕ್ಕಿಗಳೆಲ್ಲ ಬಂದು ಸೇರುತ್ತವೆ, ಮಾಮುಕಲಾ ಕೆರೆಯಲ್ಲಿ ಮ್ಯಾಗ್‌ಪೈ ಬಾತುಗಳು ಸಾವಿರಗಟ್ಟಲೆ. ಹಕ್ಕಿ ನೋಡುವವರು ಬೆವರು ಸುರಿಸಿಕೊಂಡಾದರೂ ಆಗಲೇ ಹೋಗಬೇಕು. ನವೆಂಬರ್‌ನ ಸೆಕೆ ಬೇರೆಯೇ ತರಹ. 37 ಡಿಗ್ರಿ, ಮೇಲೆ ತೇವ. ಬೆಟ್ಟ ಹತ್ತುವ ಆಸೆ ಇದ್ದವರು ಆ ತಿಂಗಳನ್ನು ಬಿಟ್ಟುಬಿಡಿ.

ಒಂದೇ ಸಲ ಹೋಗುವುದು, ನಡೆಯಬೇಕು, ಈಜಬೇಕು, ಜಲಪಾತದಲ್ಲಿ ನೀರೂ ಇರಬೇಕು ಅಂದರೆ ಜೂನ್ ಕೊನೆಯಿಂದ ಜುಲೈ. ನಾನಂತೂ ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ.

ಟೂರ್ ಆರಿಸುವಾಗ ಕೇಳಬೇಕಾದ್ದು

ಡಾರ್ವಿನ್‌ನಿಂದ ಪಾರ್ಕ್‌ನೊಳಗಿನ ಜಬಿರು ಊರಿಗೆ ಸುಮಾರು 250 ಕಿಲೋಮೀಟರ್, ಮೂರು ತಾಸಿನ ದಾರಿ. ಒಂದು ದಿನದ ಟೂರ್ ತೆಗೆದುಕೊಂಡರೆ ಆರು ತಾಸು ಸುಮ್ನೆ ಸೀಟಿನಲ್ಲೇ ಕಳೆಯುತ್ತದೆ, ಅಲ್ವಾ? ಅದಕ್ಕಿಂತ ಹೋಗದೇ ಇರುವುದು ವಾಸಿ ಅಂತ ನಾನು ಹೇಳುವುದಿಲ್ಲ. ಆದರೆ ಎರಡು ರಾತ್ರಿಗಿಂತ ಕಡಿಮೆ ಆದರೆ ಒಂದೋ ಬಂಡೆ ಮೇಲಿನ ಹಳೇ ಚಿತ್ರಗಳು ಸಿಗುತ್ತವೆ, ಇಲ್ಲವೇ ಜಲಪಾತದ ನೀರು ಸಿಗುತ್ತದೆ. ಎರಡೂ ಸಿಗುವುದು ಕಷ್ಟ.

ಗಾಡಿ ಯಾವುದು ಅಂತ ಕೇಳಿ. ಇದು ಮುಖ್ಯ. ದೊಡ್ಡ ಬಸ್ ಡಾಂಬರು ರಸ್ತೆ ಬಿಟ್ಟು ಇಳಿಯುವುದಿಲ್ಲ. ಜಿಮ್ ಜಿಮ್‌ಗೆ ಹೋಗುವ ಐವತ್ತು ಚಿಲ್ಲರೆ ಕಿಲೋಮೀಟರ್ ಮಣ್ಣಿನ ದಾರಿಯ ಕೊನೆಯ ಹತ್ತು ಕಿಲೋಮೀಟರ್ ಫೋರ್‌ವೀಲ್ ಡ್ರೈವ್ ಗಾಡಿಗೆ ಮಾತ್ರ. ಅದರಾಚೆ ಟ್ವಿನ್ ಫಾಲ್ಸ್‌ಗೆ ತೊರೆಯನ್ನೇ ದಾಟಬೇಕು, ಆ ಗಾಡಿಯ ಎಂಜಿನ್‌ಗೆ ಗಾಳಿ ಎಳೆಯುವ ಸ್ನಾರ್ಕೆಲ್ ಕೊಳವೆ ಇರಬೇಕು. ಪಾಂಪ್ಲೆಟ್‌ನಲ್ಲಿ ಜಲಪಾತದ ಫೋಟೋ ಇದ್ದು ಗಾಡಿ ಮಾಮೂಲಿ ಕೋಚ್ ಆಗಿದ್ದರೆ, ಆ ಫೋಟೋ ನಿಮ್ಮ ಟೂರಿನದ್ದಲ್ಲ ಅಂತ ತಿಳಿದುಕೊಳ್ಳಿ. ಗನ್‌ಲಾಮ್‌ನ ಬಂಡೆ ಮೇಲಿನ ಕೊಳದ ಫೋಟೋ ಬಗ್ಗೆಯೂ ಇದೇ ಮಾತು. ಆ ಜಾಗ 2019ರಲ್ಲಿ ಮುಚ್ಚಿತು, ಹಳೇ ಫೋಟೋಗಳು ಮಾತ್ರ ಓಡಾಡುತ್ತಲೇ ಇವೆ. ಹೋಗುವ ವಾರ ಯಾವ ಜಾಗ ತೆರೆದಿದೆ ಅನ್ನುವುದಕ್ಕೆ ಪಾರ್ಕ್‌ನವರೇ ಹಾಕುವ ಪಟ್ಟಿ ನೋಡಿ, ಏಜೆಂಟ್ ಬಾಯಿಮಾತು ನಂಬಬೇಡಿ.

ಇನ್ನು ದರದಲ್ಲಿ ಏನೇನು ಸೇರಿದೆ ಅನ್ನುವುದು. ಪಾರ್ಕ್ ಪಾಸ್ ಎಷ್ಟೋ ಬಜೆಟ್ ಟೂರ್‌ಗಳಲ್ಲಿ ಬೇರೆ ಇರುತ್ತದೆ. ಒಣ ಕಾಲದಲ್ಲಿ ದೊಡ್ಡವರಿಗೆ ಸುಮಾರು 40 ಆಸ್ಟ್ರೇಲಿಯನ್ ಡಾಲರ್, ಮಳೆಗಾಲದಲ್ಲಿ ಕಡಿಮೆ. ಯೆಲ್ಲೊ ವಾಟರ್ ಅನ್ನುವ ಕೆರೆಯ ದೋಣಿ ಸವಾರಿ ಸೇರಿದೆಯಾ, ಮಲಗುವ ಚೀಲ ಅವರೇ ಕೊಡುತ್ತಾರಾ, ಬಾಡಿಗೆಯಾ ಎಂದೂ ಕೇಳಿ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಬೇಕು, ಹೊರಡುವ ದಿನ ಬೆಳಿಗ್ಗೆ ಹೇಳಿದರೆ ಪ್ರಯೋಜನ ಇಲ್ಲ. ಅಡುಗೆ ಸಾಮಾನು ಅಷ್ಟೊತ್ತಿಗೆ ಟ್ರೇಲರ್ ಹತ್ತಿರುತ್ತದೆ. ಬಜೆಟ್ ಟೂರ್‌ನಲ್ಲಿ ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು ಎಲ್ಲರ ಕೆಲಸ. ಗೈಡೇ ಡ್ರೈವರ್, ಗೈಡೇ ಅಡುಗೆಯವನು.

ವೀಸಾ ಬಗ್ಗೆ ಒಂದೇ ಮಾತು. ಪ್ರವಾಸಿ ವೀಸಾ ಸಾಕು. 18ರಿಂದ 30 ವರ್ಷದವರಿಗೆ 462 ನಂಬರಿನ ವರ್ಕ್ ಆ್ಯಂಡ್ ಹಾಲಿಡೇ ವೀಸಾ 2024ರಿಂದ ಭಾರತೀಯರಿಗೂ ಸಿಗುತ್ತಿದೆ, ಲಾಟರಿ ಮೂಲಕ, ವರ್ಷಕ್ಕೆ 1,000 ಜನಕ್ಕೆ.

ಚೀಲ

ವಿಮಾನ ನಿಲ್ದಾಣದಲ್ಲೇ ಮೊದಲ ಪರೀಕ್ಷೆ. ಆಸ್ಟ್ರೇಲಿಯಾದವರು ಹೊರಗಿನ ಬೀಜ, ಮಣ್ಣು ಒಳಗೆ ಬಿಡುವುದಿಲ್ಲ. ಹಳೇ ಟ್ರೆಕಿಂಗ್ ಶೂ ತೆಗೆದುಕೊಂಡು ಹೋಗುತ್ತೀರಾದರೆ ಅಟ್ಟೆಯ ಸಂದುಗಳನ್ನು ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಕಾಲುಚೀಲಕ್ಕೆ ಚುಚ್ಚಿಕೊಂಡ ಹುಲ್ಲಿನ ಬೀಜ ಕಿತ್ತು ಹಾಕಿ. ತಿನ್ನುವ ವಸ್ತು ಏನೇ ಇದ್ದರೂ ಫಾರ್ಮ್‌ನಲ್ಲಿ ಹೌದು ಅಂತ ಬರೆಯಿರಿ. ಬರೆದರೆ ಹೆಚ್ಚೆಂದರೆ ಆ ವಸ್ತು ಹೋಗುತ್ತದೆ. ಮುಚ್ಚಿಟ್ಟರೆ ದಂಡ.

ಟೂರ್‌ಗೆ ಸಣ್ಣ, ಮೆತ್ತನೆ ಚೀಲ ಸಾಕು. ದೊಡ್ಡದನ್ನು ಹಾಸ್ಟೆಲ್‌ನಲ್ಲಿ ಇಟ್ಟು ಹೋಗಿ. ಉದ್ದ ತೋಳಿನ ತೆಳು ಅಂಗಿ, ಅಗಲ ಅಂಚಿನ ಟೋಪಿ, ತಲೆಗೆ ಕಟ್ಟುವ ಟಾರ್ಚ್, ಸೊಳ್ಳೆ ಮುಲಾಮು, ಸನ್‌ಸ್ಕ್ರೀನ್. ಸೊಳ್ಳೆಯನ್ನು ಹಗುರ ಮಾಡಬೇಡಿ, ರಾಸ್ ರಿವರ್ ವೈರಸ್ ಹಿಡಿದರೆ ಕೀಲುನೋವು ತಿಂಗಳುಗಟ್ಟಲೆ ಬಿಡದೆ ಇರಬಹುದು. ಜುಲೈನಲ್ಲಿ ಒಂದು ಸ್ವೆಟರ್ ಬೇಕಾಗುತ್ತದೆ, ನಂಬಿ. ನೀರಿನ ಬಾಟಲಿ ಒಟ್ಟು ಮೂರು ಲೀಟರ್ ಹಿಡಿಯುವಷ್ಟು ಇರಲಿ. ಬಿಸಿಲಲ್ಲಿ ನಡೆಯುವಾಗ ಗಂಟೆಗೆ ಒಂದು ಲೀಟರ್ ಅನ್ನುವುದು ಅಲ್ಲಿಯ ಲೆಕ್ಕ. ಡ್ರೋನ್ ಮನೆಯಲ್ಲೇ ಬಿಡಿ, ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಫೋನ್ ಸಿಗ್ನಲ್ ಜಬಿರು, ಕೂಯಿಂಡಾ ದಾಟಿದರೆ ಹೆಚ್ಚುಕಡಿಮೆ ಇಲ್ಲ.

ಮೊಸಳೆ

ಇಲ್ಲಿ ಸ್ವಲ್ಪ ನಿಧಾನ ಓದಿ. ಕಕಾಡುವಿನಲ್ಲಿ ಎರಡು ಜಾತಿ ಮೊಸಳೆ. ಸಿಹಿನೀರಿನದ್ದು ಸಣ್ಣದು, ಮೂತಿ ಸಪೂರ, ತಾನಾಗಿ ಮೈಮೇಲೆ ಬರುವುದು ಅಪರೂಪ. ಉಪ್ಪುನೀರಿನದ್ದು ಆರು ಮೀಟರ್‌ವರೆಗೂ ಬೆಳೆಯುತ್ತದೆ, ಮನುಷ್ಯನನ್ನು ತಿನ್ನುತ್ತದೆ. ಹೆಸರು ಉಪ್ಪುನೀರು ಅಂತಿದ್ದರೂ ಸಿಹಿನೀರಿನ ಹೊಳೆಯಲ್ಲಿ, ಕೆರೆಯಲ್ಲಿ ಆರಾಮಾಗಿ ಇರುತ್ತದೆ. ಚರ್ಮಕ್ಕಾಗಿ ಕೊಂದು ಕೊಂದು ಹೆಚ್ಚುಕಡಿಮೆ ಮುಗಿದೇ ಹೋಗಿದ್ದ ಇವಕ್ಕೆ ನಾರ್ದರ್ನ್ ಟೆರಿಟರಿಯಲ್ಲಿ 1971ರಲ್ಲಿ ರಕ್ಷಣೆ ಸಿಕ್ಕಿತು. ಈಗ ಆ ಪ್ರಾಂತದಲ್ಲಿ ಒಂದು ಲಕ್ಷದ ಆಸುಪಾಸು ಇವೆ. ಅಂದರೆ ನೀವು ನೋಡುವ ಯಾವ ನೀರಿನಲ್ಲೂ ಒಂದು ಇರಬಹುದು ಅನ್ನುವ ಲೆಕ್ಕದಲ್ಲೇ ಇರಬೇಕು.

ಮಳೆಗಾಲದ ನೆರೆಯಲ್ಲಿ ಅವು ಜಲಪಾತದ ಕೊಳದವರೆಗೂ ಹತ್ತಿ ಬರುತ್ತವೆ. ನೀರು ಇಳಿದ ಮೇಲೆ ರೇಂಜರ್‌ಗಳು ರಾತ್ರಿ ಟಾರ್ಚ್ ಬಿಟ್ಟು ಹುಡುಕುತ್ತಾರೆ, ಬೋನು ಇಡುತ್ತಾರೆ. ತೇಲುವ ಬೆಂಡು ಕಟ್ಟಿಟ್ಟು, ಅದರ ಮೇಲೆ ಹಲ್ಲಿನ ಗುರುತು ಬಿದ್ದಿದೆಯಾ ಅಂತ ನೋಡುತ್ತಾರೆ. ಎಲ್ಲ ಆದ ಮೇಲೆ ಜಿಮ್ ಜಿಮ್, ಮಗುಕ್ ಥರದ ಕೊಳಗಳನ್ನು ತೆರೆಯುತ್ತಾರೆ. ಇಷ್ಟಾದರೂ ಪೂರ್ತಿ ಗ್ಯಾರಂಟಿ ಯಾರೂ ಕೊಡುವುದಿಲ್ಲ. ಇಳಿಯುವುದು ಬಿಡುವುದು ನಿಮಗೆ ಬಿಟ್ಟದ್ದು, ಗೈಡ್ ಇಳಿಯಬೇಡಿ ಅಂದರೆ ಮಾತ್ರ ಚರ್ಚೆ ಬೇಡ. ಗುಂಪಿನಲ್ಲಿ ಒಬ್ಬನಾದರೂ 'ಪಾದ ಮಾತ್ರ ಅದ್ದುತ್ತೇನೆ' ಅನ್ನುವವನು ಇರುತ್ತಾನೆ. ಅವನ ಮಾತು ಕೇಳಬೇಡಿ.

ನದಿ, ಕೆರೆ ದಂಡೆಯಿಂದ ಕನಿಷ್ಠ ಐದು ಮೀಟರ್ ದೂರ ನಿಲ್ಲಿ. ಟೆಂಟ್ ಐವತ್ತು ಮೀಟರ್ ಆಚೆ. ದಿನಾ ಅದೇ ಹೊತ್ತಿಗೆ ಅದೇ ಜಾಗದಲ್ಲಿ ನೀರಿನ ಹತ್ತಿರ ಹೋಗಬೇಡಿ, ಮೊಸಳೆ ನಮ್ಮ ರೂಢಿಯನ್ನು ನೋಡಿ ಕಲಿಯುತ್ತದೆ. ಈಸ್ಟ್ ಆಲಿಗೇಟರ್ ನದಿಯ ಕಾಹಿಲ್ಸ್ ಕ್ರಾಸಿಂಗ್‌ನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಸಮುದ್ರದ ಭರತದ ನೀರು ಏರಿ ಮೀನು ಮೇಲಕ್ಕೆ ಬರುವ ಹೊತ್ತಿಗೆ ಸರಿಯಾಗಿ ಮೊಸಳೆಗಳು ನದಿ ದಾಟುವ ಆ ಕಾಂಕ್ರೀಟ್ ದಾರಿಯ ಉದ್ದಕ್ಕೂ ಸಾಲು ಹಿಡಿದು ಬಾಯಿ ತೆರೆದು ಕಾಯುತ್ತವೆ. ಕಟ್ಟೆ ಮೇಲೆ ಕಟ್ಟಿದ ವೀಕ್ಷಣಾ ಜಾಗದಿಂದಲೇ ನೋಡಿ. ಆ ನದಿಯ ಆಚೆ ಮೂಲ ಜನರ ನೆಲವಾದ ಆರ್ನ್‌ಹೆಮ್ ಲ್ಯಾಂಡ್, ಅಲ್ಲಿಗೆ ಪ್ರತ್ಯೇಕ ಪರ್ಮಿಟ್ ಬೇಕು.

ರಾತ್ರಿ ಸುರಕ್ಷಿತ ಜಾಗದಿಂದ ಟಾರ್ಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಕೆರೆಯ ಮೇಲೆ ಬೆಳಕು ಆಡಿಸಿ. ನೀರಿನ ಮೇಲೆ ಕೆಂಡದ ಚುಕ್ಕಿ ಹೊಳೆಯುತ್ತದೆ. ಹಗಲು ಅದೇ ಕೆರೆಯಲ್ಲಿ ಏನೂ ಕಂಡಿರುವುದಿಲ್ಲ.

ಬಂಡೆ ಮೇಲಿನ ಚಿತ್ರಗಳು

ಬಿಸಿಲಿಗೆ ಸುಸ್ತಾಗಿ 'ಇನ್ನೊಂದು ಬಂಡೆನಾ?' ಅನ್ನುವ ಹೊತ್ತಿಗೇ ಇವು ಬರುತ್ತವೆ, ಅದಕ್ಕೇ ಹೆಚ್ಚಿನವರು ಓಡುತ್ತಾ ನೋಡಿ ಮುಗಿಸುತ್ತಾರೆ. ದುಡ್ಡು ಕೊಟ್ಟು ಗೈಡ್ ಇಟ್ಟುಕೊಳ್ಳುವುದು ಸಾರ್ಥಕ ಆಗುವುದೇ ಇಲ್ಲಿ. ಉಬಿರ್‌ನ ಮುಖ್ಯ ಬಂಡೆಯಲ್ಲಿ ಮೀನು, ಆಮೆ ಎಲ್ಲ ಇವೆ. ಹತ್ತಿರ ನಿಂತು ಮೀನನ್ನು ನೋಡಿ. ಹೊರರೂಪ ಮಾತ್ರ ಅಲ್ಲ, ಒಳಗಿನ ಬೆನ್ನುಮೂಳೆ, ಕರುಳು, ಕೊಬ್ಬು ಇರುವ ಭಾಗ ಎಲ್ಲವನ್ನೂ ಗೆರೆ ಗೆರೆಯಾಗಿ ಬರೆದಿದ್ದಾರೆ. ಎಕ್ಸ್‌ರೇ ಶೈಲಿ ಅನ್ನುತ್ತಾರೆ. ಅಲ್ಲೇ ಎತ್ತರದಲ್ಲಿ ಥೈಲಸೀನ್‌ನ ಚಿತ್ರ ಇದೆ, ಆಸ್ಟ್ರೇಲಿಯಾದ ಮುಖ್ಯ ಭೂಮಿಯಿಂದ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಮರೆಯಾದ ಪ್ರಾಣಿ. ಯಾರೂ ತೋರಿಸದಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ. ಸಂಜೆ ಪಕ್ಕದ ನಾದಬ್ ಬಂಡೆ ಹತ್ತಿ ಕುಳಿತರೆ ಹಸಿರು ಬಯಲು ಕಾಣುತ್ತದೆ. ಸೂರ್ಯಾಸ್ತಕ್ಕೆ ಅಲ್ಲಿ ಜನವೋ ಜನ, ಸ್ವಲ್ಪ ಬೇಗ ಹೋಗಿ ಜಾಗ ಹಿಡಿಯಿರಿ.

ನೌರ್ಲಾಂಜಿಯಲ್ಲಿ, ಈಗ ಬುರುಂಗ್‌ಕುಯ್ ಅನ್ನುತ್ತಾರೆ, ಸಿಡಿಲಿನ ಮನುಷ್ಯ ನಮರ್ಗೊನ್ ಇದ್ದಾನೆ. ತಲೆಯಿಂದ ಕಾಲಿಗೆ ಸುತ್ತಿದ ಗೆರೆಯೇ ಮಿಂಚು, ಮೊಣಕಾಲು ಮೊಣಕೈಗೆ ಕಟ್ಟಿದ ಕಲ್ಲಿನ ಕೊಡಲಿಗಳಿಂದ ಗುಡುಗು. ಇದು ತೀರಾ ಹಳೆಯದಲ್ಲ, 1960ರ ದಶಕದಲ್ಲಿ ನಜೊಂಬೊಲ್ಮಿ ಅನ್ನುವ ಕಲಾವಿದ ಅಲ್ಲಿ ಮತ್ತೆ ಬಣ್ಣ ಹಾಕಿದ. ಬಂಡೆಚಿತ್ರ ಅಂದರೆ ಸತ್ತವರ ಗುರುತು ಅಂತ ಅಂದುಕೊಂಡು ಹೋದವರಿಗೆ ಇದು ಸ್ವಲ್ಪ ಶಾಕ್. ಸಮಯ ಇದ್ದರೆ ನಂಗುಲುವುರ್‌ಗೂ ಹೋಗಿ, ಅಲ್ಲಿ ಹಾಯಿಹಡಗಿನ ಚಿತ್ರ ಇದೆ. ಬಂಡೆ ಮುಟ್ಟಬೇಡಿ, ಧೂಳು ಎಬ್ಬಿಸಬೇಡಿ. ಫೋಟೋ ಬೇಡ ಅಂತ ಬೋರ್ಡ್ ಇದ್ದರೆ ಫೋನ್ ಜೇಬಿಗೆ. ಪಾರ್ಕ್‌ನ ಹೆಚ್ಚುಕಡಿಮೆ ಎಲ್ಲ ನೆಲ ಅಲ್ಲಿಯ ಮೂಲ ಜನರದ್ದೇ, ಕಾನೂನಿನ ಪ್ರಕಾರವೂ. ನೀವು ಅವರ ಮನೆಯ ಅತಿಥಿ.

ನಡಿಗೆ, ರಾತ್ರಿ, ದೋಣಿ

ಜಿಮ್ ಜಿಮ್‌ಗೆ ಹೋಗಿ ಬರುವುದಕ್ಕೆ ಎರಡೇ ಕಿಲೋಮೀಟರ್. ಕೇಳುವುದಕ್ಕೆ ಏನೂ ಅಲ್ಲ. ಆದರೆ ಅರ್ಧ ದಾರಿ ಮೇಜಿನಷ್ಟು ದೊಡ್ಡ ಬಂಡೆಗಳ ಮೇಲೆ ಹತ್ತಿ ಇಳಿಯುವುದೇ. ಚಪ್ಪಲಿಯಲ್ಲಿ ಹೋಗಬೇಡಿ. ದಾರಿಯಲ್ಲಿ ಎಲೆಗಳನ್ನು ರೇಷ್ಮೆಯಂಥ ನೂಲಿನಿಂದ ಹೊಲಿದ ಗೂಡು ಕಂಡರೆ ಅದು ಹಸಿರು ಇರುವೆಯದ್ದು. ನೂಲು ಬರುವುದು ಮರಿಹುಳುವಿನ ಬಾಯಿಂದ, ದೊಡ್ಡ ಇರುವೆಗಳು ಮರಿಯನ್ನು ಹಿಡಿದು ಅತ್ತಿತ್ತ ಆಡಿಸಿ ಎಲೆ ಅಂಟಿಸುತ್ತವೆ. ಗೈಡ್ ಒಂದನ್ನು ಹಿಡಿದು ಹಿಂಭಾಗ ನೆಕ್ಕಿ ಅನ್ನುತ್ತಾನೆ. ನಿಂಬೆಹುಳಿ. ಬೇಡದಿದ್ದರೆ ಬಿಡಿ, ಆದರೆ ಗೂಡಿಗೆ ಭುಜ ತಾಗಿಸಬೇಡಿ, ಕಚ್ಚಿದರೆ ಉರಿಯುತ್ತದೆ.

ರಾತ್ರಿ ಮಲಗುವುದು ಟೆಂಟ್‌ನಲ್ಲಿ, ಇಲ್ಲವೇ ಸ್ವಾಗ್ ಅನ್ನುವ ಕ್ಯಾನ್ವಾಸ್ ಹಾಸಿಗೆಯಲ್ಲಿ. ಶೂ ಹೊರಗೆ ಬಿಡಬೇಡಿ, ಡಿಂಗೊ ನಾಯಿಗಳು ಎತ್ತಿಕೊಂಡು ಹೋಗುತ್ತವೆ. ಬೆಳಿಗ್ಗೆ ಹಾಕಿಕೊಳ್ಳುವ ಮುಂಚೆ ಒಮ್ಮೆ ಕೊಡವಿ.

ಯೆಲ್ಲೊ ವಾಟರ್ ದೋಣಿಗೆ ಬೆಳಗಿನ ಮೊದಲ ಸವಾರಿಯೇ ಬೇಕು ಅಂತ ಹಟ ಹಿಡಿಯಿರಿ. ಮಧ್ಯಾಹ್ನದ ಸವಾರಿಯಲ್ಲಿ ಹಕ್ಕಿಗಳೂ ನೆರಳು ಸೇರಿರುತ್ತವೆ. ದೋಣಿಯಿಂದ ಕೈ ಹೊರಗೆ ಹಾಕಬೇಡಿ ಅಂತ ಮತ್ತೆ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ವಾಪಸ್ ಡಾರ್ವಿನ್ ತಲುಪುವುದು ಸಾಮಾನ್ಯವಾಗಿ ಸಂಜೆ. ಟಿಪ್ ಕೊಡಲೇಬೇಕು ಅನ್ನುವ ಪದ್ಧತಿ ಆಸ್ಟ್ರೇಲಿಯಾದಲ್ಲಿ ಇಲ್ಲ, ಗೈಡ್ ಚೆನ್ನಾಗಿದ್ದರೆ ಒಂದು ಒಳ್ಳೆ ರಿವ್ಯೂ ಬರೆಯಿರಿ. ಬೆವರು ತೊಳೆಯಲು ಊರಿನ ಸಮುದ್ರಕ್ಕೆ ಇಳಿಯಬೇಡಿ, ಅಲ್ಲೂ ಮೊಸಳೆ ಇದೆ, ಅಕ್ಟೋಬರ್‌ನಿಂದ ಮೇವರೆಗೆ ಬಾಕ್ಸ್ ಜೆಲ್ಲಿಫಿಶ್ ಕಾಟ ಬೇರೆ. ಅವತ್ತು ರಾತ್ರಿಯೇ ಮುಂದಿನ ವಿಮಾನ ಬುಕ್ ಮಾಡಬೇಡಿ. ಗಾಡಿ ಒಂದು ಟೈರ್ ಪಂಕ್ಚರ್‌ಗೆ ಎರಡು ತಾಸು ತಡ ಆಗುತ್ತದೆ, ಮತ್ತೆ ಚೀಲದ ಜಿಪ್‌ನಿಂದ ಹಿಡಿದು ಕಿವಿಯವರೆಗೆ ಕೂತ ಕೆಂಧೂಳು ತೊಳೆಯುವುದಕ್ಕೆ ಒಂದು ರಾತ್ರಿ, ಒಂದು ವಾಷಿಂಗ್ ಮೆಷಿನ್ ಬೇಕೇ ಬೇಕು.