ಬೂಟ್ಸಿ ಹೋದ ಮೇಲೆ ಏನು ಬದಲಾಯ್ತು? ಜೇಮ್ಸ್ ಬ್ರೌನ್ ಬ್ಯಾಂಡ್‌ಗಳನ್ನು ಅಳೆದ ನನ್ನ ಅನುಭವ

ಅಮೆರಿಕದ ಫಂಕ್ ಗಾಯಕ ಜೇಮ್ಸ್ ಬ್ರೌನ್‌ನ ಬೇರೆ ಬೇರೆ ಕಾಲದ ಬ್ಯಾಂಡ್‌ಗಳನ್ನು ಬರೀ ಸ್ವರ, ಏಟುಗಳ ಅಳತೆಯಿಂದಲೇ ಗುರುತಿಸಬಹುದು ಅಂತ ನಾನು ಹೊರಟಾಗ, ಫಂಕ್ (ತಾಳವೇ ಮುಖ್ಯವಾದ ಕುಣಿತದ ಸಂಗೀತ) ಕಿವಿಗೆ ಬಿಟ್ಟ ವಿಷಯ, ಮಿಲಿಸೆಕೆಂಡಿಗೆ ಸಿಗೋದಲ್ಲ ಅಂತ ಜೊತೆಯವರೆಲ್ಲ ಹೇಳಿದ್ದರು. ಕೊನೆಗೆ ಅವರೇ 20 ತುಣುಕು ಆರಿಸಿ, ನನ್ನ ವಿಧಾನದಲ್ಲೇ ಗುರುತು ಹಾಕಿ, ಶಬ್ದ ಕೇಳಿಸದೆ ಬರೀ ಅಂಕಿಗಳ ಹಾಳೆ ಕೈಗಿಟ್ಟರು. ಯಾವುದು ಯಾವ ಬ್ಯಾಂಡ್ ಅಂತ 17 ಸರಿ ಹೇಳಿದೆ. ತಪ್ಪಿದ ಮೂರರಲ್ಲಿ ಎರಡು 1968ರವು, ಅದರ ಕಾರಣ ಮುಂದೆ ಬರುತ್ತೆ.

ಮೊದಲು ಸಾಮಗ್ರಿ. ಒಂದೇ ಹಾಡು ಬೇರೆ ಬೇರೆ ಬ್ಯಾಂಡಿನ ಕೈಯಲ್ಲಿ ಸಿಗದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ‘ದೇರ್ ವಾಸ್ ಎ ಟೈಮ್’ ಎರಡು ಕಛೇರಿಗಳಲ್ಲಿದೆ: 1967ರ ಜೂನಿನದು ನ್ಯೂಯಾರ್ಕಿನ ಅಪೋಲೋ ರಂಗಮಂದಿರದಲ್ಲಿ, 1968ರ ಆಗಸ್ಟ್ 26ರದು ಡಲ್ಲಾಸ್‌ನಲ್ಲಿ. ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಹೆಚ್ಚು ಕದಲದ, ಒಂದೇ ತುಂಡು ಮತ್ತೆ ಮತ್ತೆ ಬರುವ ವ್ಯಾಂಪ್ ಆದ್ದರಿಂದ ಅಳತೆಗೆ ಹೇಳಿ ಮಾಡಿಸಿದ ಹಾಡು. ಆದರೆ ನಿಜವಾದ ಬಂಗಾರ ಇನ್ನೊಂದು ಜೋಡಿ. ‘ಸೆಕ್ಸ್ ಮೆಷಿನ್’ 1971ರ ಮಾರ್ಚ್ 8ರಂದು ಪ್ಯಾರಿಸ್‌ನ ಒಲಂಪಿಯಾ ಸಭಾಂಗಣದಲ್ಲಿದೆ, ಅದೇ ವರ್ಷ ಜುಲೈನಲ್ಲಿ ಅಪೋಲೋದಲ್ಲೂ ಇದೆ. ನಡುವೆ ನಾಲ್ಕೇ ತಿಂಗಳು. ಡ್ರಮ್ಸ್ ಎರಡೂ ಕಡೆ ಜಾಬೋ ಸ್ಟಾರ್ಕ್ಸ್ (ಪ್ಯಾರಿಸ್‌ನಲ್ಲಿ ಟೈಗರ್ ಮಾರ್ಟಿನ್ ಕೂಡ ಇದ್ದ), ಟ್ರಾಂಬೋನ್ ಫ್ರೆಡ್ ವೆಸ್ಲಿ. ಬದಲಾದದ್ದು ಮುಖ್ಯವಾಗಿ ಬೇಸ್ ಮತ್ತು ಗಿಟಾರ್: ಬೇಸ್ ನುಡಿಸುತ್ತಿದ್ದ ಬೂಟ್ಸಿ ಕಾಲಿನ್ಸ್ ಮತ್ತು ಗಿಟಾರಿನ ಅವನ ಅಣ್ಣ ಕ್ಯಾಟ್‌ಫಿಶ್ ಹೋದರು, ಬೇಸಿಗೆ ಫ್ರೆಡ್ ಥಾಮಸ್ ಬಂದ. ಪ್ರಯೋಗಶಾಲೆಯಲ್ಲೂ ಇಷ್ಟು ಶುದ್ಧವಾದ ಹೋಲಿಕೆ ಸಿಗಲ್ಲ.

ದುಡ್ಡಿನ ಮಾತು. ಸಾಫ್ಟ್‌ವೇರಿಗೆ ಸೊನ್ನೆ: ಸದ್ದನ್ನು ಚಿತ್ರವಾಗಿ ತೋರಿಸುವ ಸೋನಿಕ್ ವಿಶುವಲೈಸರ್, ಕತ್ತರಿಸಿ ತಿದ್ದುವ ಆಡಾಸಿಟಿ, ವಾದ್ಯ ಬೇರ್ಪಡಿಸುವ ಡೆಮ್ಯೂಕ್ಸ್ ಮೂರೂ ಪುಕ್ಕಟೆ. ಸಿಡಿಗಳಿಗೆ ಮಾತ್ರ ಸುಮಾರು 14 ಸಾವಿರ ಹೋಯ್ತು, ಅದರಲ್ಲಿ ಐದಾರು ಸಾವಿರ ದಂಡ. ಆಮದು ಎಂದು ಕೊಂಡ ಒಂದು ಡಿಸ್ಕ್ ಒಳಗೆ ಎಂಪಿ3 ಫೈಲಿನಿಂದ ನಕಲು ಮಾಡಿದ್ದು. ಸ್ಪೆಕ್ಟ್ರಮ್ ನೋಡಿದರೆ 16 ಕಿಲೋಹರ್ಟ್ಸ್ ಮೇಲೆ ಕತ್ತರಿ ಹಾಕಿದ ಹಾಗೆ ಖಾಲಿ. ಕೇಳೋಕೆ ನಡೆಯುತ್ತೆ, ಅಳೆಯೋಕೆ ಆಗಲ್ಲ, ಯಾಕಂದ್ರೆ ಹೊಡೆತಕ್ಕೆ ಮುಂಚೆಯೇ ಒಂದು ಮಸುಕು ಶುರುವಾಗಿ ಏಟಿನ ಅಂಚು ಹಾಳಾಗುತ್ತೆ. ಪುಕ್ಕಟೆ ಸಿಗುವ ವಿಡಿಯೋ ಆಡಿಯೋ ಇನ್ನೂ ಅಪಾಯ: ಅರ್ಧ ಸ್ವರ ಏರಿಸಿ ಹಾಕಿದ್ದರೆ ವೇಗ ಶೇ. 6ರಷ್ಟು ಏರಿರುತ್ತೆ, ನಿಮಿಷಕ್ಕೆ 110 ಬೀಟ್ ಹೋಗಿ 116-117. ಹಾಗಾಗಿ ಮೊದಲ ಕೆಲಸ ಶ್ರುತಿ ನೋಡೋದು. ಹಾರ್ನ್‌ಗಳು (ಟ್ರಾಂಬೋನ್, ಸ್ಯಾಕ್ಸೊಫೋನ್‌ನಂಥ ಊದುವ ವಾದ್ಯಗಳು) ಎಳೆದು ಹಿಡಿದ ಸ್ವರವೊಂದನ್ನು ಶ್ರುತಿಯ ಮಾನದಂಡವಾದ 440 ಹರ್ಟ್ಸ್‌ಗೆ ಹೋಲಿಸಿ, ಆಮೇಲೆ ಟೆಂಪೋ (ವೇಗ).

ಹಾಗೆ ನೋಡಿದರೆ ಟೆಂಪೋದ ಮೇಲೆಯೇ ಎರಡು ತಿಂಗಳು ವ್ಯರ್ಥ ಮಾಡಿದೆ. ಎಲ್ಲ ಬ್ಯಾಂಡೂ ವೇದಿಕೆಯಲ್ಲಿ ಸ್ಟುಡಿಯೋಗಿಂತ ಓಡುತ್ತವೆ, ಅಷ್ಟೇ. ಅದರಿಂದ ಯಾರ ಗುರುತೂ ಸಿಗಲಿಲ್ಲ.

ಎರಡನೇ ಸೋಲು ಡೆಮ್ಯೂಕ್ಸ್. ವಾದ್ಯ ಬೇರ್ಪಡಿಸಿ ಕೊಡುತ್ತೆ ಅಂತ ನಂಬಿದ್ದೆ. ಬ್ರೌನ್‌ನ ಗಿಟಾರ್ ವಾದಕ ಜಿಮ್ಮಿ ನೋಲೆನ್‌ನ ‘ಚಿಕನ್ ಸ್ಕ್ರಾಚ್’, ಅಂದರೆ ತಂತಿಯನ್ನು ಅರ್ಧ ಒತ್ತಿ ಕೆರೆಯುವ ಹೊಡೆತ, ಅದಕ್ಕೆ ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಾಳದ ತಟ್ಟೆ) ಥರ ಕೇಳಿ ಡ್ರಮ್ಸ್ ಕಡೆಗೆ ಸೇರಿಸಿಬಿಟ್ಟಿತು. ಬೇಸಿನ ಟ್ರ್ಯಾಕಿನಲ್ಲಿ ಕಿಕ್ ಡ್ರಮ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್) ಇಣುಕುತ್ತಿತ್ತು. ಬ್ರೌನ್ ಮಹಾಶಯ ಮಧ್ಯೆ ‘ಹಾ!’ ಅಂದರೆ ಅದೂ ಒಂದು ಸ್ನೇರ್ (ಚಟ್ ಎನ್ನುವ ಡ್ರಮ್) ಏಟಾಗಿ ಲೆಕ್ಕಕ್ಕೆ ಬರುತ್ತಿತ್ತು. ಈಗ ಬೇರ್ಪಡಿಕೆಯನ್ನು ಕಿವಿಯ ಸಹಾಯಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ, ಅಳತೆ ಎಲ್ಲ ಮೂಲ ಫೈಲಿನ ಮೇಲೆ ಫಿಲ್ಟರ್ ಹಾಕಿಯೇ. ಹಾಡುಗಾರಿಕೆ ಇಲ್ಲದ ಎಂಟು ಬಾರ್ (ತಾಳದ ಎಂಟು ಆವರ್ತ) ಅಳತೆಯ ಒಂದು ಕಿಟಕಿ, ಒಂದು ಹಾಡಿಗೆ ಕನಿಷ್ಠ ನಾಲ್ಕು ಕಿಟಕಿ. ಮೊದಲು ಕೇಳುತ್ತಾ ಕೀಲಿ ತಟ್ಟಿ ಗುರುತು, ಅದರಲ್ಲಿ 20-30 ಮಿಲಿಸೆಕೆಂಡ್ ತಪ್ಪು ಇದ್ದೇ ಇರುತ್ತೆ, ಆಮೇಲೆ ಹಿಗ್ಗಿಸಿ ಒಂದೊಂದನ್ನೂ ಸರಿಸೋದು. 110ರ ವೇಗದಲ್ಲಿ, ಒಂದು ಬಾರನ್ನು ಹದಿನಾರು ಮನೆ ಮಾಡಿದರೆ, ಒಂದು ಮನೆ 136 ಮಿಲಿಸೆಕೆಂಡ್. ತಟ್ಟಿದ ಗುರುತನ್ನೇ ನಂಬಿದರೆ ಮನೆಯ ಐದನೇ ಒಂದು ಭಾಗ ಅಲ್ಲೇ ಹೋಯ್ತು.

ಬೇಸಿನ ಶುರು ಹಿಡಿಯೋದು ಎಲ್ಲಕ್ಕಿಂತ ಕಷ್ಟ. ಕೆಳಗಿನ ಇ ತಂತಿ 41 ಹರ್ಟ್ಸ್, ಒಂದು ಸುತ್ತಿಗೇ 24 ಮಿಲಿಸೆಕೆಂಡ್ ಬೇಕು. ಅಲೆಯ ಉಬ್ಬು ನೋಡಿ ಗುರುತು ಹಾಕಿದರೆ ಎಲ್ಲ ಬೇಸಿಸ್ಟರೂ ಸೋಮಾರಿಗಳ ಥರ ಕಾಣ್ತಾರೆ. 700ರಿಂದ 1500 ಹರ್ಟ್ಸ್ ನಡುವೆ ಬೆರಳು ತಂತಿಗೆ ತಾಗುವ ಸದ್ದು ಇರುತ್ತೆ, ಗುರುತು ಅಲ್ಲಿ. ಇನ್ನೊಂದು ಎಚ್ಚರ: ವೇದಿಕೆಯಲ್ಲಿ ಮೂರು ಮೀಟರ್ ದೂರದಿಂದ ಬಂದ ಸದ್ದು ಸುಮಾರು 9 ಮಿಲಿಸೆಕೆಂಡ್ ತಡ. ಯಾವ ಮೈಕಿಗೆ ಯಾರು ಹತ್ತಿರ ಇದ್ದರೋ ಈಗ ಹೇಳುವವರಿಲ್ಲ. ಆದ್ದರಿಂದ ‘ಬೇಸ್ ಕಿಕ್‌ಗಿಂತ 6 ಮಿಲಿಸೆಕೆಂಡ್ ಹಿಂದೆ’ ಅಂತ ಯಾರಾದರೂ ಲೈವ್ ರೆಕಾರ್ಡಿಂಗ್ ತೋರಿಸಿ ಹೇಳಿದರೆ ನಕ್ಕು ಬಿಡಿ. ನಾನೂ ಹಾಗೆ ಹೇಳಿಕೊಂಡು ಓಡಾಡಿದವನೇ.

ಕೆಲಸ ಕೊಟ್ಟದ್ದು ಸ್ವರ ಎಲ್ಲಿ ಶುರುವಾಗುತ್ತೆ ಅನ್ನೋದಲ್ಲ, ಎಲ್ಲಿ ನಿಲ್ಲುತ್ತೆ ಅನ್ನೋದು. ಜೋರು 12 ಡೆಸಿಬಲ್ ಇಳಿದ ಜಾಗವನ್ನು ಸ್ವರದ ಕೊನೆ ಅಂತ ಇಟ್ಟುಕೊಂಡೆ. ಹಾಲ್‌ನ ಮೊಳಗನ್ನು (ಗೋಡೆಗಳಿಂದ ಮರಳಿ ಬರುವ ಸದ್ದನ್ನು) ಅದರಿಂದ ಕಳೆಯಲೇಬೇಕು, ಇಲ್ಲದಿದ್ದರೆ ಅಳೆದದ್ದು ಬ್ಯಾಂಡನ್ನಲ್ಲ, ಕಟ್ಟಡವನ್ನು. ಹೇಗೆ ಕಳೆಯೋದು ಅಂತ ಇಲ್ಲಿ ಬರೆಯಲ್ಲ. ಅದಕ್ಕೆ ಒಂದು ವರ್ಷ ಹೋಗಿದೆ. ಕಿಕ್ ಒಂಟಿಯಾಗಿ ಸಿಗುವ ಜಾಗ ಹುಡುಕಿ ಅಂತ ಮಾತ್ರ ಹೇಳ್ತೀನಿ.

ಈಗ ಫಲಿತಾಂಶ, ನೆನಪಿನಿಂದ. ‘ಸೆಕ್ಸ್ ಮೆಷಿನ್’ನಲ್ಲಿ ಬೂಟ್ಸಿ ಮೂರು ಸ್ವರ ಹೊಡೆಯುವ ಜಾಗದಲ್ಲಿ ಥಾಮಸ್ ಹೆಚ್ಚುಕಡಿಮೆ ಎರಡು. ಬೂಟ್ಸಿ ಮೊದಲ ಏಟನ್ನು, ಅವರು ‘ದ ವನ್’ ಅನ್ನೋದನ್ನು, ನಮ್ಮಲ್ಲಿ ತಬಲಾದವರು ಸಮ್‌ಗೆ ಬಂದು ಬೀಳುವ ಹಾಗೆ, ಉದ್ದ ಹಿಡಿದು ಉಳಿದ ಬಾರ್ ತುಂಬ ಚಿಕ್ಕ ಸ್ವರಗಳನ್ನು ಚೆಲ್ಲುತ್ತಾನೆ. ಥಾಮಸ್‌ನ ಸ್ವರಗಳು ಹೆಚ್ಚುಕಡಿಮೆ ಒಂದೇ ಅಳತೆಯವು, ತುಂಡರಿಸಿದ ಹಾಗೆ. ಬೇಸ್ ಖಾಲಿ ಬಿಟ್ಟ ಜಾಗ ಸ್ಟಾರ್ಕ್ಸ್‌ನ ಹೈ-ಹ್ಯಾಟ್‌ಗೆ ಸಿಗುತ್ತೆ, ಹಾಗಾಗಿ ಅದೇ ಡ್ರಮ್ಮರ್ ಜುಲೈನಲ್ಲಿ ಹೆಚ್ಚು ಗಟ್ಟಿ ಅನ್ನಿಸ್ತಾನೆ. ಜನ ‘ಜುಲೈನಲ್ಲಿ ಡ್ರಮ್ಸ್ ಚೆನ್ನಾಗಿದೆ’ ಅಂತಾರಲ್ಲ, ಅದು ಬೇಸ್ ಬಿಟ್ಟ ಜಾಗ. ನನ್ನ ಮತ ಇನ್ನೂ ಮಾರ್ಚ್‌ಗೇ, ಆದರೆ ಕುಣಿಯೋಕೆ ಜುಲೈ ವಾಸಿ.

1967-68ರ ದೊಡ್ಡ ಬ್ಯಾಂಡಿನಲ್ಲಿ ಖಾಲಿ ಜಾಗ ಬೇಸಿನ ಕೈಲಿಲ್ಲ, ಎಲ್ಲರಿಗೂ ಹಂಚಿ ಹೋಗಿದೆ. ಗಿಟಾರ್ ನಿಂತ ಮನೆಯಲ್ಲಿ ಸ್ನೇರ್, ಸ್ನೇರ್ ನಿಂತ ಮನೆಯಲ್ಲಿ ಹಾರ್ನ್. ಬೇಸ್ ಒಂದನ್ನೇ ಅಳೆದರೆ ಏನೂ ಸಿಗಲ್ಲ. ಅದಕ್ಕೇ ಡಲ್ಲಾಸ್ ತುಣುಕುಗಳಲ್ಲಿ ಎರಡು ತಪ್ಪಿದ್ದು. ಆ ಕಾಲದಲ್ಲಿ ಡ್ರಮ್ಮರ್‌ಗಳಾಗಿ ಕ್ಲೈಡ್ ಸ್ಟಬಲ್‌ಫೀಲ್ಡ್ ಮತ್ತು ಸ್ಟಾರ್ಕ್ಸ್ ಇಬ್ಬರೂ ಬ್ಯಾಂಡಿನಲ್ಲಿದ್ದರು, ಯಾರು ಯಾವ ಹಾಡಿಗೆ ಅನ್ನೋದಕ್ಕೆ ಕವರ್ ನೋಡಬೇಡಿ. ಸ್ನೇರ್ ಮೇಲೆ ಎಡಗೈಯ ಮೆಲು ಏಟುಗಳು ಮುಖ್ಯ ಏಟುಗಳ ನಡುವೆ ತುಂಬಿ ತುಳುಕಿದರೆ ಕ್ಲೈಡ್.

ಪಕ್ಕದ ಪ್ರಯೋಗವೊಂದು ಇಲ್ಲೇ ಹುಟ್ಟಿತು. ಬ್ರೌನ್‌ನ ‘ಫಂಕಿ ಡ್ರಮ್ಮರ್’ ಹಾಡಿನಲ್ಲಿ ಕ್ಲೈಡ್‌ನ ಒಂಟಿ ಡ್ರಮ್ಸ್ ಭಾಗಕ್ಕೆ ಗೇಟ್ (ಮೆಲು ಸದ್ದನ್ನು ತಡೆಯುವ ಫಿಲ್ಟರ್) ಹಾಕಿ ಮೆಲು ಏಟುಗಳನ್ನೆಲ್ಲ ಅಳಿಸಿ ನೋಡಿ. ಉಳಿದದ್ದು ಮದುವೆ ಬ್ಯಾಂಡಿನ ಬೀಟ್. ಅದೇ ಬಾರನ್ನು ಮೃದಂಗ ಬಲ್ಲವರೊಬ್ಬರು ಕೊನ್ನಕ್ಕೋಲಿನಲ್ಲಿ (ಬಾಯಲ್ಲಿ ಸೊಲ್ಲು ಹೇಳುವ ಕ್ರಮದಲ್ಲಿ) ಹೇಳಿದಾಗ ಮೆಲು ಏಟುಗಳಿಗೂ ಸೊಲ್ಲು ಬಿತ್ತು, ಗುರುತು ಹಾಕೋ ಕೆಲಸ ಅರ್ಧಕ್ಕಿಳಿಯಿತು. ಈಗ ಕೀಲಿ ತಟ್ಟುವ ಮುಂಚೆ ಸೊಲ್ಲು ಬರೆದುಕೊಳ್ತೀನಿ.

ಕೊನೆಯದಾಗಿ, ಲೈವ್ ಅಂತ ಬರೆದದ್ದೆಲ್ಲ ಲೈವ್ ಅಲ್ಲ. 1970ರ ‘ಸೆಕ್ಸ್ ಮೆಷಿನ್’ ಡಬಲ್ ಆಲ್ಬಮ್‌ನ ಮೊದಲ ಡಿಸ್ಕನ್ನು ಕಾಲಿನ್ಸ್ ಸಹೋದರರ ಬ್ಯಾಂಡಿನ ವೇದಿಕೆಯ ದಾಖಲೆ ಅಂತ ಅಳೆದು ಹಾಳೆ ತುಂಬಿಸಿದ್ದೆ. ಅದು ಸ್ಟುಡಿಯೋ ಧ್ವನಿಮುದ್ರಣ, ಮೇಲೆ ಚಪ್ಪಾಳೆ ಮತ್ತು ಮೊಳಗು ಹಚ್ಚಿದ್ದು. ಅನುಮಾನ ಹುಟ್ಟಿದ್ದು ಹಾಲ್ ಅಳತೆಯಲ್ಲಿ: ಸ್ನೇರಿನ ಮೊಳಗು ಒಂದು, ಜನರ ಗದ್ದಲದ ಕೋಣೆ ಇನ್ನೊಂದು, ಮತ್ತು ಬ್ರೇಕ್ (ಉಳಿದವರು ನಿಂತು ಡ್ರಮ್ಸ್ ಒಂಟಿಯಾಗುವ ಜಾಗ) ಬಂದರೂ ಗದ್ದಲ ಏರುವುದಿಲ್ಲ. ಖಚಿತ ಮಾಡಿಕೊಳ್ಳೋಕೆ ಸುಲಭ ದಾರಿ ಇದೆ. 1986ರ ‘ಇನ್ ದ ಜಂಗಲ್ ಗ್ರೂವ್’ ಸಂಕಲನದಲ್ಲಿ ಅದೇ ‘ಗಿವ್ ಇಟ್ ಅಪ್ ಆರ್ ಟರ್ನಿಟ್ ಅ ಲೂಸ್’ ಗದ್ದಲ ಇಲ್ಲದೆ ಸಿಗುತ್ತೆ. ಎರಡನ್ನೂ ಮೊದಲ ಸ್ನೇರಿಗೆ ಜೋಡಿಸಿ ಪಕ್ಕಪಕ್ಕ ಓಡಿಸಿ, ಏಟಿಗೆ ಏಟು ಕೂಡುತ್ತೆ. ಬದುಕಿರುವ ಬ್ಯಾಂಡ್ ಎರಡು ಸಲ ಹಾಗೆ ನುಡಿಸಲ್ಲ. ಅದೇ ಆಲ್ಬಮ್‌ನಲ್ಲಿ ನಿಜವಾದ ಲೈವ್ ಭಾಗ 1969ರ ಅಕ್ಟೋಬರ್ 1ರ ಆಗಸ್ಟಾ ಕಛೇರಿಯದು, ಅದು 2019ರಲ್ಲಿ ಬೇರೆಯಾಗಿಯೂ ಬಂತು. ಮುಂದಿನ ಹಾಳೆ ಅದರದು. ಅಳೆಯುವವರು ಎಲ್ಲ ತುಣುಕುಗಳ ಜೋರನ್ನೂ ಮೊದಲು ಒಂದೇ ಮಟ್ಟಕ್ಕೆ ತನ್ನಿ, ನಾನು ಮೈನಸ್ 18 ಎಲ್‌ಯುಎಫ್‌ಎಸ್ (ಕಿವಿಗೆ ಅನಿಸುವ ಜೋರಿನ ಅಳತೆ) ಇಡ್ತೀನಿ. ಎರಡು ಡೆಸಿಬಲ್ ಜೋರಿದ್ದದ್ದೇ ಹೆಚ್ಚು ಫಂಕಿ ಅಂತ ಕಿವಿ ಪ್ರತಿ ಸಲವೂ ತೀರ್ಪು ಕೊಡುತ್ತೆ.