ನಮ್ಮ ಅಂಗಡಿ ಮುಂದಿನ ರ‍್ಯಾಂಪ್ ಸರಿಯಾದದ್ದು ಹೀಗೆ

ನಮ್ಮ ಔಷಧಿ ಅಂಗಡಿಗೆ ಮೂರು ಮೆಟ್ಟಿಲು, ಒಟ್ಟು 18 ಇಂಚು ಎತ್ತರ. ಮೇಸ್ತ್ರಿ ಆರಡಿ ಉದ್ದದ ರ‍್ಯಾಂಪ್ ಕಟ್ಟಿಕೊಟ್ಟರು. ಗಾಲಿಕುರ್ಚಿಯಲ್ಲಿ ಬಂದ ಅಜ್ಜಿಯೊಬ್ಬರು ಅರ್ಧದಲ್ಲೇ ಹಿಂದಕ್ಕೆ ಜಾರಿದರು. ಸದ್ಯ, ಮಗ ಹಿಡಿದುಕೊಂಡ. ಅವರ ಕೈ ನಡುಗುತ್ತಿದ್ದದ್ದು ಇನ್ನೂ ಕಣ್ಮುಂದೆ ಇದೆ.

ಆಮೇಲೆ ಕಟ್ಟಡಗಳು ಅಂಗವಿಕಲರೂ ಸೇರಿ ಎಲ್ಲರಿಗೂ ಅನುಕೂಲವಾಗಿರಬೇಕು ಅನ್ನೋ ಬಗ್ಗೆ ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿ ಓದಿದೆ. ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಅಂದರೆ ನಮಗೆ 18 ಅಡಿ! ನೇರವಾಗಿ ಅಷ್ಟು ಜಾಗ ಇರಲಿಲ್ಲ. ಗೋಡೆಗುಂಟ ಒಂಬತ್ತಡಿ ಏರಿಸಿ, ಮೂಲೆಯಲ್ಲಿ ಐದಡಿ ಚೌಕದ ಸಮತಟ್ಟು ಜಾಗ ಬಿಟ್ಟು, ತಿರುಗಿಸಿ ಇನ್ನೊಂಬತ್ತಡಿ ಏರಿಸಿದೆವು. ನುಣುಪು ಟೈಲ್ಸ್ ಕಿತ್ತು ಒರಟು ಕಲ್ಲು ಹಾಸಿದೆವು. ಎರಡೂ ಕಡೆ ಕೈಹಿಡಿ ಹಾಕಿಸಿದೆವು. ಬಾಗಿಲ ಹೊಸ್ತಿಲನ್ನೂ ತೆಗೆಸಿದೆ. ಕುರ್ಚಿಯ ಮುಂದಿನ ಸಣ್ಣ ಗಾಲಿ ಸಿಕ್ಕಿಕೊಳ್ಳೋದು ಅಲ್ಲೇ ಅಲ್ವಾ?

ಹೋದ ವಾರ ಅದೇ ಅಜ್ಜಿ ತಾವೇ ಗಾಲಿ ತಿರುಗಿಸಿಕೊಂಡು ಕೌಂಟರ್ ತನಕ ಬಂದರು.