ಮಾತು ಒಂದು ಫೋಟೊ ಮುಂದೆ ಓಡಲಿ

ನನ್ನದು ಮದುವೆ ವಿಡಿಯೊ ಎಡಿಟ್ ಮಾಡುವ ಕೆಲಸ. ಹಾಡಿನಲ್ಲಿ ಮಲ್ಲಿಗೆ ಬಂತಾ, ಮಲ್ಲಿಗೆ ತೋರಿಸು. ಕಣ್ಣು ಬಂತಾ, ಮದುಮಗಳ ಕಣ್ಣು. ಮಾತು ಏನು ಹೇಳುತ್ತದೋ ಚಿತ್ರವೂ ಅದನ್ನೇ ತೋರಿಸಬೇಕು ಅಂತ ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಅದನ್ನು ಬಿಡಿಸಿದ್ದು ಎರಡು ಹಳೆಯ ಸಿನಿಮಾಗಳು.

ಮೊದಲನೆಯದು ಫ್ರಾನ್ಸಿನ ಕ್ರಿಸ್ ಮಾರ್ಕರ್ 1957ರಲ್ಲಿ ಚಿತ್ರೀಕರಿಸಿದ ‘ಲೆಟರ್ ಫ್ರಂ ಸೈಬೀರಿಯಾ’. ಅದರಲ್ಲಿ ಯಾಕುಟ್ಸ್ಕ್ ಊರಿನ ಒಂದು ರಸ್ತೆ. ಬಸ್ಸು ಹೋಗುತ್ತದೆ, ಕೆಲಸದವರು ನೆಲ ಸಮ ಮಾಡುತ್ತಿದ್ದಾರೆ. ಅದೇ ತುಣುಕಿಗೆ ಮೂರು ನಿರೂಪಣೆ. ಒಂದು ಸೋವಿಯತ್ ದೇಶವನ್ನು ಹೊಗಳುತ್ತದೆ, ಒಂದು ತೆಗಳುತ್ತದೆ, ಇನ್ನೊಂದು ಯಾವ ಕಡೆಗೂ ವಾಲುವುದಿಲ್ಲ. ಗೇಟಿನ ಹತ್ತಿರ ನಿಂತು ಇಪ್ಪತ್ತು ಸೆಕೆಂಡ್ ಬೀದಿ ಶೂಟ್ ಮಾಡಿ, ಮೂರು ಥರ ಮಾತು ಕೂರಿಸಿ ನೋಡಿ. ಕೈ ಪಳಗಲು ಅಷ್ಟು ಸಾಕು.

ನನಗೆ ಹುಚ್ಚು ಹಿಡಿಸಿದ್ದು ಎರಡನೆಯದು. ಅಮೆರಿಕದ ಹಾಲಿಸ್ ಫ್ರ್ಯಾಂಪ್ಟನ್ 1971ರಲ್ಲಿ ಮಾಡಿದ ‘ನಾಸ್ಟಾಲ್ಜಿಯಾ’. 36 ನಿಮಿಷ. ಕರೆಂಟ್ ಒಲೆಯ ಕಾದ ಕಾಯಿಲ್ ಮೇಲೆ ಒಂದೊಂದೇ ಫೋಟೊ ಸುಟ್ಟು ಬೂದಿಯಾಗುತ್ತದೆ. ಜೊತೆಗೆ ಒಂದು ದನಿ ಫೋಟೊ ಬಗ್ಗೆ ಹೇಳುತ್ತಿರುತ್ತದೆ. ಆದರೆ ಅದು ಹೇಳುವುದು ಕಣ್ಣೆದುರಿಗಿರುವ ಫೋಟೊ ಬಗ್ಗೆ ಅಲ್ಲ, ಮುಂದೆ ಬರುವ ಫೋಟೊ ಬಗ್ಗೆ. ‘ನಾನು’ ಅಂತ ಮಾತಾಡುವ ದನಿಯೂ ಫ್ರ್ಯಾಂಪ್ಟನ್ ಅವರದಲ್ಲ, ಇನ್ನೊಬ್ಬ ಸಿನಿಮಾ ನಿರ್ದೇಶಕ ಮೈಕಲ್ ಸ್ನೋ ಅವರದು!

ಈ ಆಟ ಮನೆಯಲ್ಲೇ ಆಡಬಹುದು. ಹಳೆಯ ಆಲ್ಬಮ್‌ನಿಂದ ಆರೇಳು ಫೋಟೊ ಆರಿಸಿ. ಎರಡು ಪುಸ್ತಕದ ರಾಶಿ, ಮೇಲೊಂದು ಸ್ಕೇಲು, ಅದರ ಮೇಲೆ ಫೋನು. ಕ್ಯಾಮೆರಾ ಕೆಳಮುಖ. ಒಂದೊಂದು ಫೋಟೊಗೆ ಒಂದು ನಿಮಿಷ ಕೊಡಿ.

ಫೋಟೊ ನಿಧಾನವಾಗಿ ಮರೆಯಾಗಲೇಬೇಕು. ಸುಡುವುದು ಸುಮ್ನೆ ಶೋಕಿ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಮುಂದಿನ ಫೋಟೊ ಬಂದಾಗ ನೋಡುವವರಿಗೆ ಹಿಂದಿನ ಮಾತು ನೆನಪಾಗುತ್ತದೆ. ಆದರೆ ಆ ಮಾತು ನಡೆದಾಗ ಕಣ್ಣೆದುರಿಗಿದ್ದ ಫೋಟೊ ಆಗಲೇ ಬೂದಿ. ತಿರುಗಿ ನೋಡಿ ತಾಳೆ ಹಾಕುವ ಹಾಗಿಲ್ಲ. ಆಲ್ಬಮ್ ಸುಟ್ಟರೆ ಅಮ್ಮ ನನ್ನನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಹಾಗಾಗಿ ಫೋಟೊ ಮೇಲೆ ಗಾಜಿಟ್ಟು, ಜರಡಿಯಿಂದ ರಾಗಿ ಹಿಟ್ಟು ಉದುರಿಸಿದೆ. ಮುಖಗಳು ಒಂದೊಂದಾಗಿ ಮುಚ್ಚಿಕೊಂಡವು.

ಮಾತು ಬರೆಯುವಾಗ ಜಾಸ್ತಿ ಭಾವನೆ ಬೇಡ. ಕಣ್ಣಿಗೆ ಸಿಗುವ ಎರಡು ವಿವರ ಬೇಕು: ಎಡಗಡೆಯವನ ಕೈಗಡಿಯಾರ, ಹಿಂದಿನ ಗೋಡೆಯ ಬಿರುಕು. ‘ಆ ದಿನ ಎಷ್ಟು ಚೆನ್ನಾಗಿತ್ತು’ ಅಂತ ಬರೆದರೆ ಯಾವ ಫೋಟೊಗಾದರೂ ಹೊಂದುತ್ತದೆ, ಮಾತು ಒಂದು ಫೋಟೊ ಮುಂದೆ ಜಾರಿದ್ದು ಗೊತ್ತೇ ಆಗುವುದಿಲ್ಲ. ನಾನು ಅಜ್ಜಿಯ ನೆನಪುಗಳನ್ನು ಬರೆದುಕೊಂಡು, ಅವರ ‘ನಾನು’ ಇಟ್ಟುಕೊಂಡೇ ನನ್ನ ದನಿಯಲ್ಲಿ ಓದಿದೆ. ಗಡ್ಡದವನ ಗಂಟಲಲ್ಲಿ ‘ನಾನು ಮದುವೆಯಾಗಿ ಬಂದಾಗ’ ಅಂತ ಬಂದರೆ ಕೇಳುವವರು ನೆಟ್ಟಗಾಗಿ ಕೂರುತ್ತಾರೆ.

ಈಗ ಟೈಮ್‌ಲೈನ್, ಅಂದರೆ ಎಡಿಟ್ ಮಾಡುವಾಗ ಚಿತ್ರ, ದನಿಗಳನ್ನು ಸಾಲಾಗಿ ಜೋಡಿಸುವ ಪಟ್ಟಿ. ಎರಡನೇ ಫೋಟೊದ ಮಾತನ್ನು ಮೊದಲನೆಯದರ ಮೇಲೆ ಇಡಿ, ಮೂರನೆಯದನ್ನು ಎರಡನೆಯದರ ಮೇಲೆ. ಮೊದಲ ಫೋಟೊದ ಮಾತಿಗೆ ಜಾಗವಿಲ್ಲ, ಬಿಟ್ಟುಬಿಡಿ. ನಾನು ಎಡವಿದ್ದು ಇಲ್ಲೇ. ನೋಡಿದ ತಮ್ಮ, ‘ಆಡಿಯೊ ಜಾರಿದೆ, ಸರಿ ಮಾಡು’ ಅಂದ. ಒಂದು ಫೋಟೊದ ಮಾತು ಇನ್ನೊಂದರ ಮೇಲೆ ಅರ್ಧಂಬರ್ಧ ಹರಿದಿತ್ತು, ಅದಕ್ಕೆ ತಪ್ಪಿನ ಹಾಗೆ ಕಂಡಿತ್ತು. ಪ್ರತಿ ಮಾತೂ ಫೋಟೊ ಬಂದ ಮೇಲೆ ಶುರುವಾಗಿ, ಅದು ಮುಚ್ಚುವ ಮೊದಲೇ ಮುಗಿಯಬೇಕು. ಆಮೇಲೆ ಹತ್ತು ಸೆಕೆಂಡ್ ಮೌನ. ಹಿನ್ನೆಲೆ ಸಂಗೀತ ಬೇಡವೇ ಬೇಡ. ಶುರುವಿನಲ್ಲೇ ಸುಳಿವು ಕೊಡುವ ಶೀರ್ಷಿಕೆಯೂ ಬೇಡ.

ಕೊನೆಯ ಫೋಟೊ ಮೇಲೆ ಯಾವ ಮಾತು? ಫ್ರ್ಯಾಂಪ್ಟನ್ ಅಲ್ಲಿ ಹೇಳುವ ಫೋಟೊವನ್ನು ತೋರಿಸುವುದೇ ಇಲ್ಲ. ನಾನು ತಾತ ಕೊಡೆ ಹಿಡಿದು ನಿಂತಿದ್ದ ಫೋಟೊದ ಮಾತು ಇಟ್ಟೆ. ಆ ಫೋಟೊ ನಮ್ಮಲ್ಲಿಲ್ಲ, ದೊಡ್ಡದು ಮಾಡಿಸಲು ಯಾರೋ ಒಯ್ದವರು ವಾಪಸ್ ತಂದಿರಲಿಲ್ಲ. ಮಾತು ಮುಗಿದ ಮೇಲೆ ಒಂದು ನಿಮಿಷ ಪೂರ್ತಿ ಕಪ್ಪು ಪರದೆ.

ಆ ಕಪ್ಪು ಪರದೆ ನೋಡುತ್ತಾ ಅಮ್ಮ ಅಂದರು: ‘ಎಡಗೈಲಿ ಅಲ್ವೋ, ಬಲಗೈಲಿತ್ತು ಕೊಡೆ.’